ಎಂಟು ಸಾವಿರದ ಐನೂರು

ಕಿಟಕಿಯ ಆಚೆ ಏನೂ ಇರಲಿಲ್ಲ.

ಬೆಳ್ಳಗೆ... ಬರೀ ಬೆಳ್ಳಗೆ! ರೆಕ್ಕೆಯ ತುದಿ ಕೂಡ ಕಾಣುತ್ತಿರಲಿಲ್ಲ.

ನಾಲ್ಕು ಸೀಟಿನ ಪುಟ್ಟ ವಿಮಾನ. ಇದ್ದದ್ದು ಒಂದೇ ಎಂಜಿನ್. ನನ್ನ ಎಡಕ್ಕೆ ಪೈಲಟ್, ಇಪ್ಪತ್ತೇಳು ವರ್ಷದ ಹೆಣ್ಣುಮಗಳು. ಹಿಂದಿನ ಸೀಟಿನಲ್ಲಿ ವಿಮಾನದ ಮಾಲೀಕ. ಅವನ ಕೋಟಿನ ಜೇಬಿನಲ್ಲಿ ಪಿಸ್ತೂಲು. ಸುತ್ತಲೂ ಗುಡ್ಡಗಳು. ಎಲ್ಲಿ ಅಂತ ಕೇಳಬೇಡಿ ಸ್ವಾಮಿ, ಕಂಡಿದ್ದರೆ ಹೇಳುತ್ತಿದ್ದೆ.

"ನಾವು ಸೀದಾ ಹೋಗ್ತಿದೀವಾ?" ಅಂದೆ.

"ನಿಮಗೇನನ್ಸುತ್ತೆ ಸರ್?" ಅಂದಳು ಪೈಲಟ್.

"ಸೀದಾ ಅಂತಲೇ ಅನ್ಸುತ್ತೆ."

"ಹಾಗಾದ್ರೆ ಬಹುಶಃ ತಿರುಗ್ತಿದೀವಿ."

ಹಿಂದಿನಿಂದ ಮಾಲೀಕನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಬಿಸಿಯಾಗಿತ್ತು. ಅವನಿಗೂ ಹೆದರಿಕೆಯಾಗಿದೆ ಅಂತ ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು.

ಆ ಬಿಳಿಯೊಳಗೆ ನಾನು ಹೋಗಿ ಸಿಕ್ಕಿಹಾಕಿಕೊಂಡದ್ದು ಹೇಗೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ.

ನಾನು ಇಪ್ಪತ್ತು ವರ್ಷ ಪೊಲೀಸಿನಲ್ಲಿದ್ದೆ. ಬಿಟ್ಟೆನೋ ಬಿಡಿಸಿದರೋ, ಅದು ಬೇರೆ ಕತೆ. ಈಗ ಸ್ವಂತ ಪತ್ತೇದಾರಿ ಆಫೀಸು. ಒಂದು ಮೇಜು, ಎರಡು ಕುರ್ಚಿ, ತಿರುಗಿದರೆ ಕಿರುಗುಟ್ಟುವ ಒಂದು ಫ್ಯಾನು. ಎದುರಿನ ಕುರ್ಚಿಯಲ್ಲಿ ಸಾಮಾನ್ಯವಾಗಿ ಗಂಡನ ಮೇಲೆ ಅನುಮಾನ ಇರುವವರು ಕೂರುತ್ತಾರೆ.

ಆ ದಿನ ಕೂತದ್ದು ನನ್ನ ಅಕ್ಕ. ಅವಳಿಗೆ ಗಂಡನ ಮೇಲೆ ಅನುಮಾನವೇ ಇರಲಿಲ್ಲ. ತೊಂದರೆ ಅದೇ!

ಭಾವ ಪೈಲಟ್. ಎಲ್ಲರೂ ಅವರನ್ನು ದೊಡ್ಡ ಕ್ಯಾಪ್ಟನ್ ಅನ್ನುತ್ತಿದ್ದರು. ಎರಡೇ ವಿಮಾನ ಇರುವ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ. ನಲವತ್ತು ದಿನದ ಹಿಂದೆ ಔಷಧಿ ಪೆಟ್ಟಿಗೆ ತುಂಬಿಕೊಂಡು ಒಬ್ಬರೇ ಹೊರಟಿದ್ದರು. ಹನ್ನೊಂದನೇ ನಿಮಿಷಕ್ಕೆ ವಿಮಾನ ಮೋಡದೊಳಗೆ ಗುಡ್ಡಕ್ಕೆ ಬಡಿಯಿತು. ರೇಡಿಯೋದಲ್ಲಿ ಯಾರ ಜೊತೆಗೂ ಮಾತಾಡುವುದಕ್ಕೆ ಸಮಯ ಸಿಕ್ಕಿರಲಿಲ್ಲ.

ವಿಮಾನ ಹಾರಿಸುವುದಕ್ಕೆ ಎರಡು ನಿಯಮ ಇವೆಯಂತೆ. ಒಂದು ವಿಶುವಲ್. ಕಣ್ಣಿಗೆ ಕಂಡಂತೆ ಹಾರು, ಮೋಡದ ತಂಟೆಗೆ ಹೋಗಬೇಡ. ಇನ್ನೊಂದು ಇನ್‌ಸ್ಟ್ರುಮೆಂಟ್. ಹೊರಗೆ ಏನೂ ಕಾಣದಿದ್ದರೂ ಚಿಂತೆಯಿಲ್ಲ, ಎದುರಿನ ಯಂತ್ರಗಳನ್ನು ನೋಡಿಕೊಂಡು ಮೋಡದೊಳಗೇ ಹಾರು. ಹೊರಡುವ ಮುಂಚೆ ಒಂದು ಫಾರಂ ತುಂಬಿ, ಅದರಲ್ಲಿ 'ವಿ' ಅಥವಾ 'ಐ' ಅಂತ ಇಂಗ್ಲಿಷಿನ ಒಂದಕ್ಷರ ಬರೆಯಬೇಕು. ಅಷ್ಟೇ.

ಭಾವನ ಫಾರಂನಲ್ಲಿ ವಿ ಇತ್ತು. ಕಣ್ಣಿಗೆ ಕಂಡಂತೆ ಹಾರುತ್ತೇನೆ ಅಂತ ಬರೆದುಕೊಟ್ಟು ಮೋಡಕ್ಕೆ ನುಗ್ಗಿದರು ಎಂದರೆ ತಪ್ಪು ಪೈಲಟ್‌ದೇ. ವಿಚಾರಣೆಯವರು ವರದಿ ಟೈಪ್ ಮಾಡಿ ಇಟ್ಟಿದ್ದರು. ಇನ್ನು ಸಹಿ ಬೀಳುವುದೊಂದೇ ಬಾಕಿ.

"ಅವತ್ತು ಬೆಳಿಗ್ಗೆ ಕಿಟಕಿ ಹತ್ರ ನಿಂತು, ಇವತ್ತು ಬರೀ ಮೋಡ, ಐ ಹಾಕ್ತೀನಿ ಅಂದಿದ್ರು ಕಣೋ," ಅಂದಳು ಅಕ್ಕ.

"ಅಕ್ಕಾ, ಅದು ಸಾಕ್ಷಿ ಆಗಲ್ಲ."

"ನಿನ್ ಭಾವನ ವಿಷಯದಲ್ಲಿ ನಿಂಗೆ ಸಾಕ್ಷಿ ಬೇಕೇನೋ?"

"ನಂಗಲ್ಲ. ಅವರಿಗೆ."

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಮಗಳನ್ನ ಕ್ಲಾಸಲ್ಲಿ ಯಾರೋ ಕೇಳಿದ್ರಂತೆ. ನಿಮ್ಮಪ್ಪ ಕಣ್ಣು ಮುಚ್ಕೊಂಡು ವಿಮಾನ ಓಡಿಸ್ತಿದ್ರಂತೆ, ಹೌದಾ ಅಂತ. ಮೂರು ದಿನದಿಂದ ಸ್ಕೂಲಿಗೆ ಹೋಗ್ತಿಲ್ಲ."

ಕೆಲಸ ಬಿಟ್ಟ ಮೇಲೆ ಆರು ತಿಂಗಳು ನಾನು ಭಾವನ ಮನೆಯ ಸೋಫಾದ ಮೇಲೆ ಮಲಗಿದ್ದೆ. ಯಾವಾಗ ಹೋಗ್ತೀಯ ಅಂತ ಆ ಮನುಷ್ಯ ಒಂದು ದಿನವೂ ಕೇಳಲಿಲ್ಲ. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ನನ್ನ ಕಾಲ ಮೇಲೆ ಹೊದಿಕೆ ಸರಿಮಾಡಿ ಹೋಗುತ್ತಿದ್ದರು, ನಾನು ನಿದ್ದೆ ಬಂದವನ ಹಾಗೆ ನಟಿಸುತ್ತಿದ್ದೆ. ಅವರನ್ನು ಕಂಡರೆ ನನಗೆ ತುಂಬಾ ಪ್ರೀತಿ. ಅದನ್ನು ಅವರಿಗೆ ಹೇಳಲಿಲ್ಲವಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಸಹಿ ಬೀಳಬೇಕಾಗಿದ್ದ ದಿನ ಬೆಳಿಗ್ಗೆಯೇ ಆ ಕಂಪನಿಯ ಏರ್‌ಸ್ಟ್ರಿಪ್ಪಿಗೆ ಹೋದೆ. ವಿಚಾರಣೆ ಮಧ್ಯಾಹ್ನ ಎರಡಕ್ಕೆ, ಗುಡ್ಡಗಳ ಆಚೆಯ ನಗರದಲ್ಲಿ. ರಸ್ತೆಯಲ್ಲಿ ಐದು ಗಂಟೆ. ಒಂದು ಗಂಟೆಯಲ್ಲಿ ಏನಾದರೂ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಇಲ್ಲ.

ಒಂದು ರನ್‌ವೇ, ತಗಡಿನ ಹ್ಯಾಂಗರ್, ಗುಮಾಸ್ತ ಕೂರುವ ಒಂದು ಕೋಣೆ. ಹ್ಯಾಂಗರ್‌ನ ಬೀರು ತೆರೆದೇ ಇತ್ತು. ಯಾವ ಯಂತ್ರ ಕೆಟ್ಟಿದೆ ಅಂತ ಪೈಲಟ್‌ಗಳು ದೂರು ಬರೆಯುವ ಪುಸ್ತಕ ತೆಗೆದೆ. ಭಾವನ ವಿಮಾನದ ಪುಸ್ತಕದಲ್ಲಿ ಕೊನೆಯ ಮೂರು ಹಾಳೆ ಇರಲಿಲ್ಲ. ನೀಟಾಗಿ ಹರಿದಿದ್ದರು. ಹೊಲಿಗೆಯ ಹತ್ತಿರ ಒಂದು ಚೂರು ಉಳಿದಿತ್ತು. ಅದರ ಮೇಲೆ ಭಾವನ ಅಕ್ಷರ... "ಹೊರೈಜನ್ ಮತ್ತೆ..." ಅಷ್ಟೇ!

"ಏನ್ ಹುಡುಕ್ತಿದೀರಾ?"

ತಿರುಗಿದೆ. ಮೆಕ್ಯಾನಿಕ್. ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್.

"ಟಾಯ್ಲೆಟ್," ಅಂದೆ.

"ಬೀರುನಲ್ಲಾ?"

ಸ್ಪ್ಯಾನರ್ ಬೀಸಿದ. ಬಗ್ಗಿದೆ. ತಗಡಿನ ಗೋಡೆಗೆ ಬಿದ್ದು ಢಣ್ ಅಂತ ಇಡೀ ಹ್ಯಾಂಗರ್ ಅದುರಿತು. ನಾನು ಓಡಿದೆ!

ಅವನು ವಿಮಾನ ಎಳೆಯುವ ಟ್ರ್ಯಾಕ್ಟರ್ ಹತ್ತಿ ಅಟ್ಟಿಸಿಕೊಂಡು ಬಂದ. ಅದರ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್. ನನ್ನದು ಹದಿನೆಂಟು. ನಿಮಗೆ ಸಿನಿಮಾದ ಚೇಸ್ ನೆನಪಾಗುತ್ತಿದ್ದರೆ ದಯವಿಟ್ಟು ಮರೆತುಬಿಡಿ. ರನ್‌ವೇ ಉದ್ದಕ್ಕೂ ನಾನು ಏದುಸಿರು ಬಿಡುತ್ತಾ ಓಡುತ್ತಿದ್ದೆ, ಅವನು ಹಿಂದಿನಿಂದ ಹಾರನ್ ಹೊಡೆಯುತ್ತಿದ್ದ. ಹುಲ್ಲಿಗೆ ಹಾರಿ, ಬೇಲಿ ದಾಟಿ, ನನ್ನ ಕಾರಿನ ಹತ್ತಿರ ಬಂದೆ.

ನಾಲ್ಕೂ ಟೈರು ನೆಲಕ್ಕೆ ಅಂಟಿಕೊಂಡಿದ್ದವು.

ಬಾನೆಟ್ ಮೇಲೆ ಒಬ್ಬ ಮನುಷ್ಯ ಆರಾಮವಾಗಿ ಕೂತಿದ್ದ. ಕೋಟು, ಚಿನ್ನದ ಗಡಿಯಾರ, ಕಾಲ ಬಳಿ ಚರ್ಮದ ಬ್ಯಾಗು. ಕಂಪನಿಯ ಮಾಲೀಕ. ಅಲ್ಲಿನವರ ಬಾಯಲ್ಲಿ ಧಣಿ.

"ಯಾಕ್ರೀ ಓಡ್ತೀರಾ, ಈ ವಯಸ್ಸಲ್ಲಿ?" ಅಂದ.

"ಡಾಕ್ಟ್ರು ಹೇಳಿದಾರೆ."

"ವಿಚಾರಣೆಗೆ ಹೊರಟಿದೀರಂತೆ. ಈ ಕಾರಲ್ಲಿ ಆಗಲ್ಲ ಬಿಡಿ. ನಾನೂ ಅಲ್ಲಿಗೇ ಹೋಗ್ತಿದೀನಿ. ನಮ್ ವಿಮಾನದಲ್ಲೇ ಬನ್ನಿ."

"ಬರದಿದ್ರೆ?"

ಅವನು ಕೋಟಿನ ಜೇಬಿನ ಮೇಲೆ ಮೆಲ್ಲಗೆ ತಟ್ಟಿದ. ಒಳಗೆ ಭಾರವಾದದ್ದೇನೋ ಇತ್ತು. "ನನ್ ಕಣ್ಣೆದುರಿಗೇ ಇರಿ. ಸಹಿ ಬೀಳೋ ತನಕ. ಆಮೇಲೆ ಎಲ್ಲಿ ಬೇಕಾದ್ರೂ ಓಡಿ."

ವಿಮಾನದೊಳಗೆ ಗುಂಡು ಹಾರಿಸುವಷ್ಟು ದಡ್ಡ ಇವನಲ್ಲ ಅಂದುಕೊಂಡೆ. ಹತ್ತು ನಿಮಿಷದಲ್ಲಿ ಆ ನಂಬಿಕೆಯೂ ಹೋಯಿತು.

ಗುಮಾಸ್ತನ ಕೋಣೆಯಲ್ಲಿ ಪೈಲಟ್ ನಿಂತುಕೊಂಡು ಫಾರಂ ತುಂಬುತ್ತಿದ್ದಳು. ಅವಳನ್ನು ಚಿಕ್ಕ ಕ್ಯಾಪ್ಟನ್ ಅನ್ನುತ್ತಾರೆ. ಭಾವನ ಹತ್ತಿರವೇ ಕಲಿತವಳು. ಶವ ತಂದ ದಿನ ಅಕ್ಕನ ಪಕ್ಕ ಕೂತಿದ್ದಳು, ಹಾಗಾಗಿ ನನಗೆ ಮುಖಪರಿಚಯ ಇತ್ತು. ಅವಳು ನನ್ನನ್ನು ನೋಡಿದಳು, ಗುರುತೇ ಇಲ್ಲದವಳ ಹಾಗೆ ಮತ್ತೆ ಬಗ್ಗಿದಳು.

"ಧಣಿ, ಆಕಾಶದಲ್ಲಿ ಮುಕ್ಕಾಲು ಪಾಲು ಮೋಡ ಇದೆ," ಅಂದಳು. "ಐ ಹಾಕ್ತೀನಿ. ಇಲ್ಲಾಂದ್ರೆ ಎರಡು ಗಂಟೆ ಕಾಯೋಣ."

"ವಿ ಹಾಕು."

"ಮೋಡ ಮುಚ್ಕೊಂಡ್ರೆ?"

"ಸಂದಿ ನೋಡ್ಕೊಂಡು ಹೋಗು. ನಿಂಗೆ ಸಂಬಳ ಕೊಡೋದು ಯಾಕೆ?"

"ಐ ಹಾಕೋಕೆ ಏನ್ ತೊಂದರೆ ಧಣಿ?"

ಗುಮಾಸ್ತ ಕೆಮ್ಮಿದ. "ಆ ಅಪಘಾತ ಆದ್ಮೇಲೆ ಹೊಸ ನಿಯಮ ಬಂದಿದೆ ಮೇಡಂ. ಐ ಹಾಕಿದ್ರೆ ಹೊರಗಿನ ಇನ್‌ಸ್ಪೆಕ್ಟರ್ ಬಂದು ಯಂತ್ರ ಎಲ್ಲಾ ಪರೀಕ್ಷೆ ಮಾಡ್ಬೇಕು."

"ವಿ ಹಾಕು ಅಂದೆ!" ಧಣಿ ಮೇಜು ಗುದ್ದಿದ.

ಅವಳು ವಿ ಬರೆದಳು. ಮುಂದಿನ ಚೌಕದಲ್ಲಿ ಎತ್ತರ. ಎಂಟು ಸಾವಿರದ ಐನೂರು ಅಡಿ.

ಧಣಿ ಫೋನ್ ಬಂತೆಂದು ಹೊರಗೆ ಹೋದ. ನಾನು ಸುಮ್ಮನೆ ಮಾತಿಗೆ ಕೇಳಿದೆ. "ಎಂಟು ಸಾವಿರ ಅಂತ ಸಲೀಸಾಗಿ ಬರೆಯೋದಲ್ವಾ? ಅದೇನು ಬಾಲದಲ್ಲಿ ಐನೂರು?"

"ವಿಶುವಲ್‌ನವರು ಸಾವಿರದ ಮೇಲೆ ಐನೂರು ಸೇರಿಸ್ಬೇಕು ಸರ್. ಇನ್‌ಸ್ಟ್ರುಮೆಂಟ್‌ನವರು ಮಾತ್ರ ಬರೀ ಸಾವಿರ. ಒಬ್ಬರಿಗೊಬ್ಬರು ಡಿಕ್ಕಿ ಹೊಡೀಬಾರ್ದಲ್ಲ, ಅದಕ್ಕೆ."

"ಮರೆತು ಬರೀ ಎಂಟು ಸಾವಿರ ಅಂತ ಬರೆದ್ರೆ?"

"ಕೈಗೇ ಬರಲ್ಲ ಸರ್. ನಿಮ್ಮ ಹೆಸರು ತಪ್ಪು ಬರೀತೀರಾ?"

ನನ್ನ ಬಲಗಾಲಿನ ಬೂಟಿನೊಳಗೆ ಭಾವನ ಫಾರಂನ ಜೆರಾಕ್ಸ್ ಇತ್ತು. ವಿಚಾರಣೆಯವರೇ ಅಕ್ಕನಿಗೆ ಕೊಟ್ಟದ್ದು. ನೂರು ಸಲ ನೋಡಿದ್ದೆ, ಬಾಯಿಪಾಠ ಆಗಿತ್ತು. ನಿಯಮ ವಿ. ಎತ್ತರ ಎಂಟು ಸಾವಿರ!

ಭಾವ ಬರೆದದ್ದು ಐ. ಕೊಂಚ ಓರೆಯಾದ ಒಂದು ಗೆರೆ. ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಯಾರೋ ವಿ ಮಾಡಿದ್ದರು. ಎತ್ತರ ತಿದ್ದಬೇಕು ಅಂತ ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಅವನು ಪೈಲಟ್ ಅಲ್ಲವಲ್ಲ!

ಗುಮಾಸ್ತನ ಕಡೆ ನೋಡಿದೆ. ಅವನು ಪೆನ್ನಿನ ಕ್ಯಾಪ್ ಹಾಕುತ್ತಿದ್ದ, ತೆಗೆಯುತ್ತಿದ್ದ.

ಆದರೆ ಇದು ಅರ್ಧ ಕತೆ. ಐ ಹಾಕಿದ ಪೈಲಟ್ ಮೋಡದೊಳಗೆ ಇರಬಹುದು, ಸರಿ. ಹಾಗಾದರೆ ಗುಡ್ಡಕ್ಕೆ ಬಡಿದದ್ದು ಯಾಕೆ? ಅದಕ್ಕೆ ಉತ್ತರ ಹರಿದ ಹಾಳೆಗಳಲ್ಲಿತ್ತು. ಆ ಹಾಳೆಗಳು ಯಾವ ಒಲೆಯಲ್ಲಿ ಬೂದಿಯಾದವೋ!

ಹೊರಟೆವು. ಮೇಲೆ ಹೋದ ಕೂಡಲೇ ಅವಳು ರೇಡಿಯೋದಲ್ಲಿ ನಿಯಂತ್ರಣ ಕೇಂದ್ರಕ್ಕೆ ಹೆಸರು, ಎತ್ತರ, ದಾರಿ ಹೇಳಿದಳು. ಧಣಿ ಹೆಡ್‌ಸೆಟ್ ಹಾಕಲಿಲ್ಲ, ಕೂದಲು ಕೆಡುತ್ತದಂತೆ. ಬೆಲ್ಟೂ ಹಾಕಲಿಲ್ಲ, ಕೋಟು ಸುಕ್ಕಾಗುತ್ತದಂತೆ. ಬ್ಯಾಗು ಎದೆಗೆ ಅವುಚಿಕೊಂಡು ಕೂತ. ಅದರೊಳಗೆ ವಿಚಾರಣೆಗೆ ಒಪ್ಪಿಸಬೇಕಾಗಿದ್ದ ಭಾವನ ಅಸಲಿ ಫಾರಂ ಇತ್ತು ಅಂತ ಆಮೇಲೆ ಗೊತ್ತಾಯಿತು.

ಹದಿನೈದು ನಿಮಿಷ ಬಿಸಿಲು. ಆಮೇಲೆ ಎದುರಿಗೆ ಮೋಡದ ಗೋಡೆ.

"ವಾಪಸ್ ಹೋಗೋಣ ಧಣಿ," ಅಂದಳು.

"ನುಗ್ಗು! ಆಚೆ ಕಡೆ ಬಿಸಿಲಿರುತ್ತೆ."

"ಇರದಿದ್ರೆ?"

"ನುಗ್ಗು ಅಂದೆ!"

ನುಗ್ಗಿದಳು. ಆಚೆ ಕಡೆ ಅನ್ನುವುದೇ ಇರಲಿಲ್ಲ. ನಾನು ಮೊದಲು ಹೇಳಿದ ಬಿಳಿ ಇದೇ.

ಈಗ ಅವಳು ಎದುರಿನ ಒಂದು ಯಂತ್ರ ತೋರಿಸಿದಳು. ಗುಂಡಗೆ, ಮೇಲರ್ಧ ನೀಲಿ, ಕೆಳಗರ್ಧ ಕಂದು, ನಡುವೆ ಗೆರೆ.

"ಇದು ಹೊರೈಜನ್ ಸರ್. ವಿಮಾನ ವಾಲಿದ್ರೆ ಗೆರೆ ವಾಲುತ್ತೆ. ಈಗ ನೆಟ್ಟಗಿದೆ. ಅಂದ್ರೆ ನಾವು ಸೀದಾ ಇದೀವಿ." ಬೆರಳು ಪಕ್ಕಕ್ಕೆ ಹೋಯಿತು. "ಇದು ತಿರುವಿನ ಸೂಜಿ. ಎಡಕ್ಕೆ ಬಿದ್ದಿದೆ. ಅಂದ್ರೆ ತಿರುಗ್ತಿದೀವಿ."

"ಎರಡೂ ಹೇಗೆ ನಿಜ ಆಗುತ್ತೆ?"

"ಆಗಲ್ಲ ಸರ್. ಒಂದು ಸುಳ್ಳು ಹೇಳ್ತಿದೆ."

ಎತ್ತರದ ಮುಳ್ಳು ಇಳಿಯುತ್ತಿತ್ತು. ಎಂಟು ಸಾವಿರದ ಮುನ್ನೂರು... ಇನ್ನೂರು... ನೂರು...

"ಗುಡ್ಡ ಎಷ್ಟೆತ್ತರ?" ಅಂದೆ.

"ಏಳೂವರೆ ಸಾವಿರ."

ಅಕ್ಕನಿಗೆ ಇನ್ನೊಂದು ಶವ ತಂದುಕೊಡುತ್ತಾರಲ್ಲ ಅಂತ ಒಂದೇ ಯೋಚನೆ.

"ಹೊರೈಜನ್ ಹೊಸದು ಸರ್," ಅವಳು ಗಟ್ಟಿಯಾಗಿ ಹೇಳಿದಳು. "ಬದಲಾಯಿಸಿದೀವಿ, ಸರಿ ಇದೆ ಅಂತ ಮೆಕ್ಯಾನಿಕ್ ಸೈನ್ ಮಾಡಿದಾರೆ. ನಾನು ಅದನ್ನೇ ನಂಬ್ತೀನಿ."

"ಬೇಡ!"

ಧಣಿ ಎರಡು ಸೀಟಿನ ನಡುವೆ ತಲೆ ತೂರಿಸಿದ. ಬಾಯಿ ಅವಳ ಕೆನ್ನೆಯ ಪಕ್ಕದಲ್ಲೇ ಇತ್ತು.

"ಅದನ್ನ ನಂಬಬೇಡ! ಅದೂ ಅಂಥದ್ದೇ!"

"ಅಂಥದ್ದೇ ಅಂದ್ರೆ?"

"ಅಯ್ಯೋ, ಕೆಟ್ಟಿದೆ ಕಣಮ್ಮ!"

"ಬಿಡಿಸಿ ಹೇಳಿ ಧಣಿ. ಯಾವುದು ಕೆಟ್ಟಿದೆ? ಟೈಮಿಲ್ಲ." ಎಂಟು ಸಾವಿರ... ಏಳು ಸಾವಿರದ ಒಂಬೈನೂರು...

"ಹೊರೈಜನ್! ಎರಡು ವಿಮಾನಕ್ಕೂ ಗುಜರಿಯಿಂದ ತಂದು ಹಾಕ್ಸಿದ್ದು! ಆ ವಿಮಾನದಲ್ಲಿದ್ದೂ ಇಂಥದ್ದೇ!"

"ದೊಡ್ಡ ಕ್ಯಾಪ್ಟನ್‌ಗೆ ಗೊತ್ತಿತ್ತಾ?"

"ಇಲ್ಲ! ಅವನು ಮೂರು ಸಲ ದೂರು ಬರೆದ. ಹೊಸದು ಹಾಕಿದೀವಿ ಅಂತ ಹೇಳಿ ಕಳಿಸಿದ್ವಿ. ಸಾಕಾ? ಈಗ ಉಳಿಸೇ ತಾಯಿ!"

ಅವಳು ಅಂಗಿಯ ಜೇಬಿನಿಂದ ಕೆಟ್ಟ ಯಂತ್ರ ಕಣ್ಣಿಗೆ ಬೀಳದಂತೆ ಮುಚ್ಚುವ ಒಂದು ಕಪ್ಪು ರಬ್ಬರ್ ಬಿಲ್ಲೆ ತೆಗೆದು ಹೊರೈಜನ್ ಮೇಲೆ ಪಚ್ಚಂತ ಅಂಟಿಸಿದಳು. ಯಂತ್ರ ಮುಚ್ಚಿಹೋಯಿತು. ಎಂಜಿನ್ ಮೊರೆಯಿತು. ಮೂಗು ಮೇಲೆದ್ದಿತು.

"ಸರ್, ಗಡಿಯಾರ ನೋಡಿ. ಈ ಸೂಜಿ ಈ ಗುರುತಿನ ಮೇಲೆ ಹಿಡಿದ್ರೆ ಅರ್ಧ ಸುತ್ತು ತಿರುಗೋಕೆ ಸರಿಯಾಗಿ ಒಂದು ನಿಮಿಷ. ಅರವತ್ತಕ್ಕೆ ಹೇಳಿ."

ಎಣಿಸಿದೆ. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಏನನ್ನೂ ಎಣಿಸಿಲ್ಲ. ಇಪ್ಪತ್ತು... ಮೂವತ್ತು... ತಲೆಕೆಳಗಾಗಿ ಬೀಳುತ್ತಿದ್ದೇವೆ ಅಂತ ಹೊಟ್ಟೆ ಹೇಳುತ್ತಿತ್ತು. ಅವಳು ನನ್ನ ಹೊಟ್ಟೆಯನ್ನಾಗಲಿ ತನ್ನ ಹೊಟ್ಟೆಯನ್ನಾಗಲಿ ಕೇಳಲಿಲ್ಲ. ಕಣ್ಣು ಸೂಜಿಯಿಂದ ಮುಳ್ಳಿಗೆ, ಮುಳ್ಳಿನಿಂದ ದಿಕ್ಸೂಚಿಗೆ ಓಡುತ್ತಿತ್ತು. ಐವತ್ತು... ಧಣಿ ಏನೋ ಗೊಣಗುತ್ತಿದ್ದ, ದೇವರ ಹೆಸರಿರಬೇಕು.

"ಅರವತ್ತು!"

ಸೂಜಿ ನಡುವೆ ಬಂತು. ಒಂದು ನಿಮಿಷ... ಎರಡು... ಐದು...

ಬಿಸಿಲು!

ಕೆಳಗೆ ನೆಲ, ರಸ್ತೆ, ಒಂದು ಕೆಂಪು ಬಸ್ಸು. ನೆಲ ಇಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಅವಳು ಸ್ಟಿಯರಿಂಗ್ ಮೇಲಿನ ಒಂದು ಸಣ್ಣ ಬಟನ್‌ನಿಂದ ಹೆಬ್ಬೆರಳು ತೆಗೆದಳು. ಆಮೇಲೆ ಸ್ಪೀಕರ್ ಹಾಕಿದಳು.

"...ಕೇಂದ್ರದಿಂದ," ಅಂತು ರೇಡಿಯೋ. "ಕ್ಯಾಪ್ಟನ್, ನಿಮ್ಮ ಮೈಕಿನ ಬಟನ್ ಒತ್ತಿಕೊಂಡೇ ಇತ್ತು. ಒಳಗೆ ಆಡಿದ ಮಾತೆಲ್ಲ ಇಲ್ಲಿ ಕೇಳಿಸಿದೆ. ರೆಕಾರ್ಡೂ ಆಗಿದೆ. ನೀವು ಕ್ಷೇಮವೇ?"

"ಕ್ಷೇಮ. ವಾಪಸ್ ಬರ್ತಿದೀನಿ. ಕೈ ನಡುಗ್ತಿತ್ತು, ಬೆರಳು ತೆಗೆಯೋದು ಮರೆತುಹೋಯ್ತು."

ಅವಳ ಕೈ ನೋಡಿದೆ. ಇಡೀ ಹಾರಾಟದಲ್ಲಿ ನಡುಗಿದ್ದು ನನ್ನದೊಂದೇ.

ಕುತ್ತಿಗೆಗೆ ತಣ್ಣಗಿನದೇನೋ ಒತ್ತಿತು. ಪಿಸ್ತೂಲು!

"ಮಾತಿಗೆ ಬೆಲೆ ಇಲ್ಲ," ಅಂದ ಧಣಿ. ಧ್ವನಿ ಸಿಡಿಯುತ್ತಿತ್ತು. "ಹೆದರಿ ಬಾಯಿಗೆ ಬಂದಿದ್ದು ಹೇಳ್ದೆ ಅಂತೀನಿ. ಕಾಗದ ಮುಖ್ಯ. ಫಾರಂನಲ್ಲಿ ವಿ ಇದೆ!"

"ಎತ್ತರ ಎಂಟು ಸಾವಿರ ಇದೆ," ಅಂದೆ.

"ಇದ್ರೆ?"

"ಐನೂರು ಎಲ್ಲಿ?"

ಅವನಿಗೆ ಅರ್ಥವಾಗಲಿಲ್ಲ. ಅವಳಿಗೆ ಆಯಿತು. ಒಂದು ಕ್ಷಣ ನನ್ನ ಕಡೆ ತಿರುಗಿದಳು, ಕಣ್ಣು ಒದ್ದೆಯಾಗಿದ್ದವು. ಮತ್ತೆ ಮುಂದೆ ನೋಡಿದಳು.

"ಸರ್, ಬೆಲ್ಟ್ ಹಾಕಿದೀರಾ?"

"ಹಾಕಿದೀನಿ."

"ಧಣಿ, ನೀವು?"

ಉತ್ತರಕ್ಕೆ ಕಾಯಲಿಲ್ಲ. ಸ್ಟಿಯರಿಂಗ್ ಮುಂದಕ್ಕೆ ತಳ್ಳಿದಳು. ವಿಮಾನ ಕೆಳಗೆ ಹೋಯಿತು, ಧಣಿ ಹೋಗಲಿಲ್ಲ. ಅವನ ತಲೆ ಚಾವಣಿಗೆ ಬಡಿದ ಸದ್ದು ಎಂಜಿನ್ ಸದ್ದಿನ ಮೇಲೂ ಕೇಳಿತು. ಪಿಸ್ತೂಲು ಗಾಳಿಯಲ್ಲಿ ತೇಲಿಬಂದು ನನ್ನ ತೊಡೆಯ ಮೇಲೆ ಕೂತಿತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಯಾವ ಆರೋಪಿಯೂ ಅಷ್ಟು ಮರ್ಯಾದೆಯಾಗಿ ಆಯುಧ ಒಪ್ಪಿಸಿರಲಿಲ್ಲ.

ರನ್‌ವೇ ಪಕ್ಕದಲ್ಲಿ ಪೊಲೀಸ್ ಜೀಪು ನಿಂತಿತ್ತು. ಗುಮಾಸ್ತ ಆಗಲೇ ಅದರೊಳಗೆ ಕೂತು ಐ ಅನ್ನು ವಿ ಮಾಡಿದ ಪೂರಾ ಕತೆ ಹೇಳುತ್ತಿದ್ದ. ಯಾರೂ ಇನ್ನೂ ಅವನನ್ನು ಏನೂ ಕೇಳಿರಲಿಲ್ಲ.

ವಿಚಾರಣೆ ಒಂದು ವಾರ ಮುಂದೆ ಹೋಯಿತು. ಅಧಿಕಾರಿ ಒಬ್ಬ ಹಳೆಯ ಪೈಲಟ್, ದಪ್ಪ ಕನ್ನಡಕ. ಅಸಲಿ ಫಾರಂ ಮೂಗಿನ ಹತ್ತಿರ ಹಿಡಿದ. "ಎಂಟು ಸಾವಿರ... ವಿಶುವಲ್..." ಅಂದ. ಕನ್ನಡಕ ತೆಗೆದ. "ಇದನ್ನ ನಾನು ಹೇಗೆ ನೋಡ್ಲಿಲ್ಲ?" ಅಂತ ತನ್ನನ್ನೇ ಕೇಳಿಕೊಂಡ. ಹಳೆಯ ವರದಿ ಹರಿದು, ಹೊಸದನ್ನು ಅಲ್ಲೇ ಹೇಳಿ ಬರೆಸಿದ. ದೊಡ್ಡ ಕ್ಯಾಪ್ಟನ್ ಅವರಿಂದ ಯಾವ ತಪ್ಪೂ ನಡೆದಿಲ್ಲ. ಆ ಒಂದು ವಾಕ್ಯ ಕೇಳುವಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ.

ಚಿಕ್ಕ ಕ್ಯಾಪ್ಟನ್‌ಗೆ ಆರು ತಿಂಗಳು ಲೈಸೆನ್ಸ್ ಅಮಾನತು. ವಿ ಹಾಕಿ ಮೋಡಕ್ಕೆ ಹೋಗಿದ್ದಕ್ಕೆ. ಮೆಟ್ಟಿಲ ಮೇಲೆ ಕೇಳಿದೆ.

"ನಿಜ ಹೇಳಮ್ಮ. ಆ ಮೋಡಕ್ಕೆ ಬೇಕಂತಲೇ ಹೋದೆಯಾ?"

"ಬೇಕಂತ ಹೋಗೋದು ದೊಡ್ಡ ಅಪರಾಧ ಸರ್," ಅಂದಳು. "ವರ್ಷಗಟ್ಟಲೆ ಹಾಕ್ತಾರೆ. ನಾನು ಹೋಗಿದ್ದು ಧಣಿ ಮಾತು ಕೇಳಿ." ಗೇಟಿನವರೆಗೂ ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ವರದಿ ಓದಿ ಹೇಳಿದೆ.

"ಅವರ ಹೆಸರು ಸರಿಯಾಗಿ ಬರೆದಿದಾರಾ? ಇನಿಷಿಯಲ್ ಎಲ್ಲಾ?" ಅಂದಳು.

"ಎಲ್ಲಾ ಸರಿ ಇದೆ."

"ಆ ಕಾಗದ ಮಡಚಬೇಡ. ಹಾಗೇ ತಗೊಂಡ್ ಬಾ. ಮಗಳು ನಾಳೆ ಸ್ಕೂಲಿಗೆ ಒಯ್ತಾಳೆ." ಮೂಗು ಸೇದಿದ ಸದ್ದು. "ಮತ್ತೆ ನೋಡು... ಬಸ್ಸಲ್ಲಿ ಬಾ ಕಣೋ."

ಬಸ್ಸು ಹತ್ತಿದೆ. ಡ್ರೈವರ್ ಹಿಂದಿನ ಸೀಟೇ ಸಿಕ್ಕಿತು. ಗುಡ್ಡ ಹತ್ತುವಾಗ ಮೋಡ ರಸ್ತೆಗೇ ಇಳಿದಿತ್ತು, ಗಾಜಿನ ಆಚೆ ಬರೀ ಬೆಳ್ಳಗೆ.

"ಏನಾದ್ರೂ ಕಾಣ್ತಿದೆಯೇನ್ರೀ?" ಅಂದೆ.

"ಏನೂ ಕಾಣ್ತಿಲ್ಲ ಸಾರ್," ಅಂದ ಡ್ರೈವರ್ ಹಲ್ಲು ಕಿರಿದು. "ಆದ್ರೆ ನಂಗೆ ಈ ರೋಡು ಬಾಯಿಪಾಠ!"

ಮುಂದಿನ ಸ್ಟಾಪಿನಲ್ಲಿ ಇಳಿದು, ಕಾಗದ ಎದೆಗೆ ಹಿಡಿದುಕೊಂಡು, ನಡೆದೇ ಹೋದೆ.